ಮಾರಿ ನಂದು, ಗಂಟಲು ಇನ್ನೊಬ್ಬಂದು

ಮೊನ್ನೆ ಡೊಂಬಿವಲಿಗೆ ಹೋಗಬೇಕಾಗಿ ಬಂತು. ನಾವು ಮೊದಲಿದ್ದ ಹೌಸಿಂಗ್ ಸೊಸೈಟಿಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರಂತೆ, ಬಿಲ್ಡರನ ಆಫೀಸಿನಲ್ಲಿ ಸಹಿ ಹಾಕಬೇಕಿತ್ತು. ಖಾರ್‌ಘರ್‌ನಿಂದ ಹೊರಟು, ಠಾಣೆಯಲ್ಲಿ ಟ್ರೇನು ಬದಲಿಸಿ, ಸೇತುವೆಯ ಮೇಲೆ ಯಾರು ಯಾರದೋ ಮೊಣಕೈ ತಿವಿತ ತಿಂದು ಡೊಂಬಿವಲಿ ಈಸ್ಟಿಗೆ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ರಿಕ್ಷಾ ಕಾರ್ಖಾನೆಗಳ ಕಡೆಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕೊಳೆತ ಹಣ್ಣಿನ ಮೇಲೆ ಫಿನಾಯಿಲ್ ಸುರಿದಂಥ ವಾಸನೆ. ಅಲ್ಲಿ ವಾಸವಿದ್ದಷ್ಟು ವರ್ಷವೂ ನನ್ನ ಮೂಗು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. "ಕಿಟಕಿ ಹಾಕ್ರಿ ವಿಮಲಾಬಾಯಿ, ಗ್ಯಾಸ್ ಬರ್ಲಾಕತ್ತದ" ಎಂದು ಕೆಳಗಿನ ಮಹಡಿಯಿಂದ ನನ್ನನ್ನು ಕೂಗುತ್ತಿದ್ದ ದನಿಯೊಂದು ನೆನಪಾಗಿ ಕಣ್ಣು ತುಂಬಿ ಬಂತು. ರಿಕ್ಷಾದವನು ಗ್ಯಾಸಿನಿಂದ ಎಂದುಕೊಂಡಿರಬೇಕು. "ಆದತ್ ನಹೀಂ ಹೈ ಕ್ಯಾ, ಮೌಸಿ?" ಎಂದ, ಅಭ್ಯಾಸವಿಲ್ಲವೇ ಎಂದು.

ಆ ದನಿ ಗುರುಲಿಂಗಪ್ಪನವರದು. ಅವರ ಕೊನೆಯ ಮಳೆಗಾಲವನ್ನು ನಾನು ಮರೆತಿದ್ದೇನೆ ಎಂದುಕೊಂಡಿದ್ದೆ. ಎಲ್ಲಿಯ ಮರೆವು!

ಅವರ ಹೆಸರು ಗುರುಲಿಂಗಪ್ಪ ಎಂದು ಗೊತ್ತಿದ್ದವರು ಕಡಿಮೆ. ಹಳೆಯ ಕನ್ನಡ ಸಿನೆಮಾ ನೋಡಿದವರಿಗೆ ಅವರು ಉಗ್ರಸೇನ್. ಕಲಬುರಗಿ ಸೀಮೆಯ ನಾಟಕ ಕಂಪನಿಯಿಂದ ಮದ್ರಾಸಿಗೆ ಹೋಗಿ, ದಪ್ಪ ಮೀಸೆ ಅಂಟಿಸಿಕೊಂಡು, ಹೀರೋನ ತಂಗಿಯನ್ನು ಎಳೆದೊಯ್ಯುವುದನ್ನೇ ಉದ್ಯೋಗ ಮಾಡಿಕೊಂಡವರು. ನಾನು ಧಾರವಾಡದಲ್ಲಿ ಲಂಗ ಉಡುತ್ತಿದ್ದ ಕಾಲದಲ್ಲಿ ಟಾಕೀಸಿನಲ್ಲಿ ಅವರನ್ನು ನೋಡಿ ಹೆದರಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. "ಈ ಊರಿಗೆ ಸೂರ್ಯ ಹುಟ್ಟೋದು ನನ್ನ ಅಪ್ಪಣೆ ಮೇಲೆ!" ಎಂಬ ಅವರ ಮಾತನ್ನು ಆಗ ಸಾಲೆಯ ಹುಡುಗರೆಲ್ಲ ಹೇಳುತ್ತಿದ್ದರು. ಆಮೇಲೆ ಸಿನೆಮಾದವರ ರುಚಿ ಬದಲಾಯಿತು. ದೊಡ್ಡ ಖಳನಾಯಕ ಹೋಗಿ, ಬರೀ ಒದೆ ತಿನ್ನುವ ಪಾತ್ರ ಬಂತು. ಕಡೆಗೆ ಅದೂ ಬರಲಿಲ್ಲ. ಹೆಂಡತಿಯ ಅಣ್ಣ ಕಲ್ಯಾಣದ ಹತ್ತಿರ ಶಹಾಡಿನ ಒಂದು ಕಾರ್ಖಾನೆಯಲ್ಲಿದ್ದ. ಅವನು ಹಿಡಿದು ಟೈಮ್ ಆಫೀಸಿನಲ್ಲಿ ಕೂರಿಸಿದ. ಊರಿಗೆ ಸೂರ್ಯನನ್ನು ಹುಟ್ಟಿಸುತ್ತಿದ್ದವರು ಮೂರು ಪಾಳಿಯ ಕೆಲಸಗಾರರ ಹಾಜರಿ ಹಾಕುತ್ತ ಉಳಿದ ಆಯುಷ್ಯ ಕಳೆದರು.

ನಿವೃತ್ತಿಯಾದ ಮೇಲೆ ನಮ್ಮ ಸೊಸೈಟಿಗೆ ಬಂದರು. ಜೊತೆಗೆ ಮಗಳು ಶೈಲಾ. ಐರೋಲಿಯಲ್ಲಿ ಯಾವುದೋ ಫೈನಾನ್ಸ್ ಕಂಪನಿಯ ನೌಕರಿ, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಮದುವೆಯಾಗಿ, ಮುರಿದು, ಅಪ್ಪನ ಮನೆಗೇ ಬಂದಿದ್ದಳು. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ. ಅಪ್ಪ ಕನ್ನಡದಲ್ಲಿ ಮಾತಾಡಿದರೆ ಮರಾಠಿಯಲ್ಲಿ ಉತ್ತರ ಕೊಡುವಳು. ಕನ್ನಡ ಓದಲು ಒಂದಕ್ಷರವೂ ಬಾರದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳದ್ದೆಲ್ಲ ಇದೇ ಕತೆ, ಅವಳೊಬ್ಬಳನ್ನು ಅಂದು ಏನು ಮಾಡುವುದು?

ಅಪ್ಪ ಮಗಳ ನಡುವೆ ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ. ಒಮ್ಮೆ ಟೆರೇಸಿನಲ್ಲಿ ಹಪ್ಪಳ ಒಣಗಿಸುವಾಗ ಶೈಲಾ ತಾನಾಗಿ ಹೇಳಿದ್ದಳು: "ಕಾಕೂ, ಆಯಿ ಸತ್ತ ದಿನ ಬಾಬಾ ಡ್ಯೂಟಿ ಬಿಟ್ಟು ಎಲ್ಲೋ ಹೋಗಿದ್ದರು. ಸಿನೆಮಾದವರನ್ನು ಕಾಣಲು ದಾದರಿಗೆ ಹೋಗಿದ್ದಿರಬೇಕು. ನಾನು ಕಂಪನಿ ಗೇಟಿನ ಮುಂದೆ ಮಳೆಯಲ್ಲಿ ಎಷ್ಟೋ ಹೊತ್ತು ನಿಂತಿದ್ದೆ." ತಾಯಿ ಹೋದಾಗ ಅವಳಿಗೆ ಆರೇಳು ವರ್ಷ. ಮರಾಠಿಯಲ್ಲಿ ಹೇಳಿದಳು, ಗಟ್ಟಿಯಾಗಿಯೇನೂ ಹೇಳಲಿಲ್ಲ. ಅವಳು ಅದನ್ನು ಯಾವತ್ತೂ ಮರೆತಿಲ್ಲ ಎಂಬುದು ಮಾತ್ರ ನನಗೆ ತಿಳಿಯಿತು.

ಆ ವರ್ಷ ಮೃಗಶಿರಾ ಮಳೆ ಹಿಡಿದ ವಾರದಲ್ಲೇ ಗುರುಲಿಂಗಪ್ಪನವರ ಗಂಟಲಿನ ಕೆರೆತಕ್ಕೆ ಹೆಸರು ಸಿಕ್ಕಿತು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕು ಎಂದರು. ಜೀವ ಉಳಿದರೂ ಮಾತು ಉಳಿಯುವುದಿಲ್ಲ. ಆಪರೇಷನ್ನಿಗೆ ತಾರೀಖೂ ಕೊಟ್ಟರು. ಅವರು ಅದನ್ನು ಮೆಟ್ಟಿಲ ಮೇಲೆ ಕೂತು, ಹಾಲಿನವನು ಬರಲಿಲ್ಲ ಎನ್ನುವ ಧಾಟಿಯಲ್ಲಿ ನನಗೆ ಹೇಳಿದರು. "ಅಯ್ಯೋ, ನಿಮ್ಮ ಆ ಕಂಚಿನ ಕಂಠ!" ಎಂದೆ.

ಅವರು ನಕ್ಕುಬಿಟ್ಟರು. "ಯಾರ ಕಂಠ ಅಂತೀರಿ? ಅದು ನಂದಲ್ರಿ."

ಆಗ ಹೊರಬಿತ್ತು ವಿಷಯ. ಮೊದಲ ಸಿನೆಮಾದ ಶೂಟಿಂಗ್ ಮುಗಿದ ಮೇಲೆ ನಿರ್ದೇಶಕರು ಇವರ ಮಾತು ಕೇಳಿ ಕಿವಿ ಮುಚ್ಚಿಕೊಂಡರಂತೆ. ಜಮೀನ್ದಾರ ಕಲಬುರಗಿ ಕನ್ನಡ ಆಡಿದರೆ ಜನ ಹೆದರುವುದಿಲ್ಲ, ನಗುತ್ತಾರೆ ಎಂದರಂತೆ. ಮೈಸೂರು ಕಡೆಯ ನಾಟಕದವರೊಬ್ಬರನ್ನು ಕರೆಸಿ ಮಾತು ಹಾಕಿಸಿದರು. ಆಮೇಲೆ ಇವರಿಗೆ ಅದೇ ದನಿ ಖಾಯಂ ಆಯಿತು. "ಎಲ್ಲಾ ಪಿಚ್ಚರಿನಾಗ ಮಾರಿ ನಂದು, ಗಂಟಲು ಇನ್ನೊಬ್ಬಂದು. ಆ ಮನಷಾ ತೀರಿಕೊಂಡು ಎಷ್ಟೋ ವರ್ಷ ಆತು. ಜನ ಇನ್ನೂ ನನಗ ಅಂತಾರ, ಡೈಲಾಗ್ ಹೇಳ್ರಿ ಡೈಲಾಗ್ ಹೇಳ್ರಿ. ನಾ ಹೇಳಿದ್ರ, ಏ ಈಗ ಮೊದಲಿನ ಖದರ್ ಇಲ್ಲ ಬಿಡ್ರಿ ಅಂತಾರ. ಇರೂದಾದ್ರೂ ಹ್ಯಾಂಗ?"

ತಮ್ಮ ಸ್ವಂತ ದನಿ ಎಲ್ಲಾದರೂ ಇದ್ದರೆ ಅದು ಕವಿತೆಯಲ್ಲಿ ಎಂದರು. ಅವರು ಕವಿತೆ ಬರೆಯುತ್ತಿದ್ದರೆಂದು ನನಗೂ ಅಂದೇ ತಿಳಿದಿದ್ದು. ಟೈಮ್ ಆಫೀಸಿನ ರಾತ್ರಿಪಾಳಿಗಳಲ್ಲಿ ಬರೆದದ್ದನ್ನು ಊರಿನ ಒಬ್ಬ ಪ್ರೆಸ್ಸಿನವನಿಂದ ತೆಳ್ಳಗಿನ ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಒಂದು ಪ್ರತಿ ತಂದು ಕೊಟ್ಟರು. ಮಾರನೆಯ ದಿನ ಹೋಗಿ, "ಏನ್ರೀ ಇದು! ಇಷ್ಟು ಚಂದ ಬರೆದು ಅಟ್ಟದ ಮೇಲೆ ಇಟ್ಟೀರಲ್ಲ" ಎಂದು ಬೈದೆ. ಬೈಗುಳ ನನಗೆ ಬಹಳ ಸಲೀಸು.

ಅದರೊಳಗಿನ ಒಂದು ಕವಿತೆಯ ಬಗ್ಗೆ ಅವರು ತಾವೇ ಮಾತು ತೆಗೆದರು. ಹೆಂಡತಿ ತೀರಿದ ದಿನದ್ದು ಅದು. ಆಸ್ಪತ್ರೆಯಿಂದ ಟೈಮ್ ಆಫೀಸಿಗೇ ಫೋನು ಬಂದಿತ್ತು. ಅಷ್ಟರಲ್ಲಿ ಚಾಳಿನವರು, ಅಪ್ಪನನ್ನು ಕರೆದುಕೊಂಡು ಬಾ ಎಂದು ಮಗುವನ್ನು ಓಡಿಸಿದ್ದರು. ಕಿಟಕಿಯಿಂದ ನೋಡಿದರೆ ಗೇಟಿನ ಆಚೆ ಶೈಲಾ ನಿಂತಿದ್ದಾಳೆ. "ನಾ ಒಳಗೇ ಇದ್ದೆ ವಿಮಲಾಬಾಯಿ. ಎಲ್ಲೂ ಹೋಗಿದ್ದಿಲ್ಲ. ಇಲ್ಲ ಅಂತ ಹೇಳು ಅಂತ ವಾಚ್‌ಮನ್ನಗ ಹೇಳಿದವ ನಾನೇ. ಆಕಿ ತೊಯ್ಕೊಂತ ನಿಂತಿದ್ದು ಪೂರಾ ನೋಡೀನಿ. ಕಡೀಕ ಬಾಜೂ ಮನಿಯಾಕಿ ಬಂದು ಕರ್ಕೊಂಡು ಹೋದಳು. ಆಮ್ಯಾಲ ನಾ ಹೊರಗ ಬಂದೆ."

ಇಷ್ಟು ವರ್ಷ ಅವಳು ತಿಳಿದುಕೊಂಡಿರುವುದೇ ಬೇರೆ ಎಂದು ನಾನು ಬಾಯಿ ಬಿಡುವ ಮೊದಲೇ ಅವರು, "ನನಗ ಗೊತ್ತದ ಆಕಿ ಏನ್ ತಿಳ್ಕೊಂಡಾಳಂತ" ಎಂದರು. "ಈ ಕವಿತಾ ಆಕಿ ಕೇಳ್ಬೇಕು. ಓದ್ಲಾಕ ಬರೂದಿಲ್ಲ ಆಕಿಗಿ. ನನ್ನ ಬಾಯಿಲೇ ಕೇಳ್ಬೇಕು. ಆಪರೇಷನ್ ಆದ ಮ್ಯಾಲ ಯಾವ ಬಾಯಿ?"

"ಇವತ್ತೇ ಓದ್ರಿ ಮತ್ತ. ಒಂದೇ ಮನೆಯಲ್ಲಿದ್ದೀರಿ."

"ಮನಿಯಾಗ ಮಗಳನ್ನ ಎದುರಿಗೆ ಕೂಡಿಸ್ಕೊಂಡು ಕವಿತಾ ಓದೂದು? ನನ್ನಿಂದ ಆಗೂದಿಲ್ರಿ. ಸ್ಟೇಜಿನ ಮ್ಯಾಲಾದ್ರ ನಾ ಜನಕ್ಕ ಓದಿದಂಗ, ಆಕಿ ಜನದಾಗ ಕೂತು ಕೇಳಿದಂಗ."

ಫೋನಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದೆ. ಕೈ ಅಡ್ಡ ಮಾಡಿದರು. ಮಷೀನಿನೊಳಗಿನ ದನಿಯ ಸಹವಾಸ ಸಾಕಾಗಿದೆ, ಕೇಳುವಾಗ ಅವಳ ಮುಖ ನೋಡಬೇಕು ಎಂದರು. ನಾನಾದರೂ ಹೇಳಲೇ ಎಂದರೆ ಕೆಂಡಾಮಂಡಲವಾದರು. ಎಂಬತ್ತರ ಹತ್ತಿರದ ಮನುಷ್ಯ, ಮೈಯೆಲ್ಲ ಕಡ್ಡಿಯಾಗಿತ್ತು, ಆದರೂ ಹುಬ್ಬು ಗಂಟಿಕ್ಕಿದಾಗ ಹಳೆಯ ಖಳನಾಯಕ ಕಂಡ.

ನಾನು ಆಗ ನಮ್ಮ ಕನ್ನಡ ಸಂಘದ ಸಹಕಾರ್ಯದರ್ಶಿ. ಅಂದರೆ ಕುರ್ಚಿ ಎಣಿಸುವವಳು, ಮೈಕಿನವನಿಗೆ ಫೋನು ಮಾಡುವವಳು. ಆಪರೇಷನ್ನಿಗೆ ಮೊದಲಿನ ಭಾನುವಾರವೇ ನಮ್ಮ ಮಳೆಗಾಲದ ಕಾರ್ಯಕ್ರಮವಿತ್ತು. ಅಧ್ಯಕ್ಷರು ಭಂಡಾರಿ, ಮಂಗಳೂರು ಕಡೆಯವರು, ಠಾಣೆಯಲ್ಲಿ ಕೇಟರಿಂಗ್ ವ್ಯವಹಾರ. ನಾನು ಹೋಗಿ ಉಗ್ರಸೇನರ ಕವಿತಾ ವಾಚನ ಇಡೋಣ ಎಂದೆ.

"ಎಂತ, ಉಗ್ರಸೇನ್ ನಮ್ಮ ಡೊಂಬಿವಲಿಯಲ್ಲೇ ಇದ್ದಾರಾ!" ಎಂದು ಭಂಡಾರಿ ಕುರ್ಚಿಯಿಂದ ಎದ್ದೇಬಿಟ್ಟರು. "ಕವಿತೆ ಗಿವಿತೆ ಇರ್ಲಿ ಮಾರಾಯ್ರೆ, ಆ ಡೈಲಾಗ್ ಒಂದು ಹೇಳಿದ್ರೆ ಹಾಲ್ ಹಾರಿ ಹೋಗ್ತದೆ."

"ಅವರ ಗಂಟಲಿಗೆ ಆಗೋದಿಲ್ಲ. ಕವಿತೆ ಮಾತ್ರ. ಮೊದಲನೇ ಕಾರ್ಯಕ್ರಮ ಅವರದೇ."

"ನೀವು ಮಂಡೆಬಿಸಿ ಮಾಡ್ಬೇಡಿ. ಎಲ್ಲ ನಾನು ನೋಡ್ಕೊಳ್ತೇನೆ."

ಆ ಮಾತು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಭಂಡಾರಿ ಕೆಟ್ಟವರಲ್ಲ. ಒಳ್ಳೆಯದು ಮಾಡಲು ಹೊರಟರೆ ಅವರನ್ನು ಯಾರೂ ಹಿಡಿಯುವ ಹಾಗಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆಯಿಂದ ಧೋ ಎಂದು ಮಳೆ. ಆದರೂ ಹಾಲ್ ತುಂಬಿತ್ತು. ಬ್ಯಾಂಕಿನವರು, ಐಟಿಯವರು, ಹೋಟೆಲಿನವರು, ಹಿಂದಿನ ಸಾಲಿನಲ್ಲಿ ಕಲಬುರಗಿ ಕಡೆಯ ಕಟ್ಟಡ ಕೆಲಸದವರೂ ಒಂದಷ್ಟು ಜನ. ಗುರುಲಿಂಗಪ್ಪನವರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ವೇದಿಕೆಯ ಮೇಲೆ ಕೂತಿದ್ದರು. ಶೈಲಾಳನ್ನು ನಾನೇ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಕವಿಯ ಕಣ್ಣಿಗೆ ನೇರವಾಗಿ ಬೀಳುವಂಥ ಕುರ್ಚಿ.

ಮೊದಲು ಸನ್ಮಾನ ಶುರುವಾಯಿತು. ನಮ್ಮ ಮುಂಬಯಿ ಕಡೆಯ ಕನ್ನಡ ಸಂಘಗಳ ಸನ್ಮಾನ ನೋಡದವರಿಗೆ ಹೇಳಿದರೆ ತಿಳಿಯದು. ದೇಣಿಗೆ ಕೊಟ್ಟವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಕೊಡದವರು ಮುಂದಿನ ಸಲ ಕೊಡಲಿ ಎಂದು ಅವರಿಗೂ ಶಾಲು. ಅವರ ಹೆಂಡಂದಿರಿಗೆ ಕುಂಕುಮ, ಹೂವು. ಶಾಲು ಹೊದಿಸಿದವರಿಗೆ ಹೊದಿಸಿಕೊಂಡವರಿಂದ ಮತ್ತೊಂದು ಶಾಲು. ಪ್ರತಿಯೊಬ್ಬರದೂ ಫೋಟೋ, ಪ್ರತಿಯೊಬ್ಬರದೂ ಎರಡು ಮಾತು. ನಮ್ಮವರ ಎರಡು ಮಾತಿಗೆ ಅರ್ಧ ಗಂಟೆ ಬೇಕು. ನಾನು ಸೈಡಿನಿಂದ ಭಂಡಾರಿಗೆ ಕೈಸನ್ನೆ ಮಾಡಿ ಮಾಡಿ ಸೋತೆ. "ಹೀರೋನನ್ನು ಮೊದಲೇ ಬಿಟ್ರೆ ಜನ ಊಟ ಮಾಡಿ ಹೋಗ್ತಾರೆ, ಲಾಸ್ಟಿಗೇ ಇರ್ಲಿ" ಎಂದು ಕಿವಿಯಲ್ಲಿ ಹೇಳಿದರು. ಒಂದು ಗಂಟೆಗೆ ಹಾಲ್ ಬಿಟ್ಟುಕೊಡಬೇಕಿತ್ತು, ಆಮೇಲೆ ಒಂದು ಮರಾಠಿ ಕುಟುಂಬದ ನಿಶ್ಚಿತಾರ್ಥ. ಆ ಮನೆಯವರು ಆಗಲೇ ಹೂವಿನ ಬುಟ್ಟಿಗಳನ್ನು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು.

ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಭಂಡಾರಿ ಗುರುಲಿಂಗಪ್ಪನವರ ಕೈ ಹಿಡಿದು ನಡುವೇದಿಕೆಗೆ ತಂದರು. "ಇವರ ಗಂಟಲಿಗೆ ಹುಷಾರಿಲ್ಲ. ಆದರೆ ನಿಮಗೆ ನಿರಾಸೆ ಆಗಬಾರದಲ್ಲ? ನಾವು ಹಳೆಯ ಪಿಚ್ಚರಿನ ಆಡಿಯೋವನ್ನೇ ತಂದಿದ್ದೇವೆ. ಇವರು ಬಾಯಿ ಆಡಿಸಿದರೆ ಸಾಕು!" ಎಂದು ಮೈಕಿನಲ್ಲಿ ಘೋಷಿಸಿದರು. ಬೇಡ ಎಂದು ಕೂಗುವಷ್ಟರಲ್ಲಿ ಸ್ಪೀಕರಿನಿಂದ ಆ ಸತ್ತ ಮನುಷ್ಯನ ದನಿ ಗುಡುಗಿತು.

ಗುರುಲಿಂಗಪ್ಪನವರು ಸ್ಪೀಕರಿನ ಕಡೆಗೊಮ್ಮೆ ತಿರುಗಿ ನೋಡಿದರು. ಆಮೇಲೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಇಲ್ಲದ ಮೀಸೆ ತಿರುವಿ, ಎದೆ ಉಬ್ಬಿಸಿ, ಒಂದಕ್ಷರ ತಪ್ಪದ ಹಾಗೆ ತುಟಿ ಆಡಿಸಿದರು. ಕಣ್ಣು ಕೆಂಪಾಗಿತ್ತು. ಸೂರ್ಯನಿಗೆ ಅಪ್ಪಣೆ ಕೊಡುವಾಗ ತೋರುಬೆರಳು ಮೇಲೆದ್ದಿತು. ಹಾಲಿಗೆ ಹಾಲೇ ಎದ್ದು ನಿಂತು ಸಿಳ್ಳೆ ಹಾಕಿತು. ಮುಂದಿನ ಸಾಲಿನಲ್ಲಿ ಶೈಲಾ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತ, ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು. ಅಪ್ಪ ನಟಿಸುವುದನ್ನು ಅವಳು ಎದುರಿಗೆ ನೋಡಿದ್ದು ಅದೇ ಮೊದಲು. "ಬಾಬಾ, ಏಕ್ ನಂಬರ್!" ಎಂದು ಕೂಗಿದಳು.

ಅವರು ಅವಳನ್ನೇ ನೋಡುತ್ತಿದ್ದರು. ನಾನು ಓಡಿಹೋಗಿ ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿ, "ಇನ್ನೂ ಐದು ನಿಮಿಷ ಐತ್ರಿ, ಓದ್ರಿ" ಎಂದೆ. ಅವರು ಪುಸ್ತಕ ತೆರೆದರು. ಮತ್ತೆ ಅವಳನ್ನು ನೋಡಿದರು. ಪುಸ್ತಕ ಮುಚ್ಚಿ, ಸಭೆಗೆ ಕೈಮುಗಿದು ಇಳಿದುಬಿಟ್ಟರು.

ಮನೆಗೆ ಬಂದ ಮೇಲೆ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದೆ. "ಏನ್ ಮಾಡಿದ್ರಿ ನೀವು? ಮತ್ತ ಯಾವಾಗ ಓದ್ತೀರಿ?"

"ಆಕಿ ಹಂಗ ನಕ್ಕಿದ್ದು ನಾ ನೋಡೇ ಇದ್ದಿಲ್ರಿ" ಎಂದರು. ದನಿ ಆಗಲೇ ಸವೆದುಹೋಗಿತ್ತು. "ಅಷ್ಟು ನಗು ಇದ್ದ ಮಾರಿಗಿ ಆ ಮಾತು ಹ್ಯಾಂಗ ಹೇಳ್ಲಿ?"

ಅವರನ್ನು ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದರು. ಹಿಂದಿನ ಸಂಜೆ ಶೈಲಾ ಆ ವಿಡಿಯೋವನ್ನು ಇಡೀ ಸೊಸೈಟಿಯ ಗ್ರೂಪಿಗೆ ಕಳಿಸಿದ್ದಳು. ನಾನೂ ನೋಡಿದೆ. ನೋಡಿ ಫೋನನ್ನು ಮಗುಚಿ ಇಟ್ಟೆ.

ಆಷಾಢ ಪೂರ್ತಿ ಅವರು ಆಸ್ಪತ್ರೆಯಲ್ಲೇ ಇದ್ದರು. ಶ್ರಾವಣದಲ್ಲಿ ಮನೆಗೆ ಬಂದಾಗ ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ತೆಳ್ಳಗಿನ ಬಟ್ಟೆ. ಉಸಿರೆಲ್ಲ ಅಲ್ಲಿಂದಲೇ. ಶೈಲಾ ಮಕ್ಕಳು ಗೀಚಿ ಅಳಿಸುವ ಪ್ಲಾಸ್ಟಿಕ್ ಸ್ಲೇಟು ತಂದುಕೊಟ್ಟಿದ್ದಳು. ನೀರು, ಚಹಾ, ಔಷಧ ಇಷ್ಟಕ್ಕೆಲ್ಲ ಅವರ ಟೈಮ್ ಆಫೀಸಿನ ಇಂಗ್ಲಿಷ್ ಸಾಕಾಗುತ್ತಿತ್ತು. ಅದಕ್ಕಿಂತ ಹೆಚ್ಚಿನ ಮಾತಿಗೆ ಕನ್ನಡವೇ ಬೇಕಿತ್ತು. ಆಗ ಅವಳು ಸ್ಲೇಟು ಹಿಡಿದುಕೊಂಡು ನನ್ನ ಮನೆಗೆ ಹತ್ತಿ ಬರುವಳು. "ಕಾಕೂ, ಹೇ ಕಾಯ್ ಲಿಹಿಲಂಯ್?" ಏನು ಬರೆದಿದ್ದಾರೆ ಎಂದು ನಾನು ಓದಿ ಹೇಳಬೇಕು. ಒಂದು ದಿನ "ಕುತ್ತಿಗೆ ಉರೀತದ" ಎಂದು ಬರೆದಿದ್ದರು. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ನಾನು ಬರುವವರೆಗೂ ಅವಳು ನನ್ನ ಬಾಗಿಲ ಮುಂದೆ ಸ್ಲೇಟು ಅಪ್ಪಿಕೊಂಡು ಕೂತಿದ್ದಳು. ಓದಿ ಹೇಳಿದಾಗ ತಲೆ ಗೋಡೆಗೆ ಆನಿಸಿ ಅತ್ತಳು. ಆಮೇಲೆ, "ಮಲಾ ಶಿಕವಾ ಕಾಕೂ" ಎಂದಳು. ನನಗೆ ಕಲಿಸಿಕೊಡಿ.

ನಲವತ್ತು ದಾಟಿದ ಹೆಂಗಸಿಗೆ ಅಆಇಈ ಶುರುಮಾಡಿದೆ. ಆಫೀಸಿಗೆ ರಜೆ ಹಾಕಿದ್ದಳು. ಮರಾಠಿ ಓದುಬರಹ ಬಲ್ಲವಳಿಗೆ ಕನ್ನಡ ಅಷ್ಟೇನೂ ದೂರವಲ್ಲ, ಅದೇ ಕ ಖ ಗ ಘ, ಆಕಾರ ಬೇರೆ. ಒತ್ತಕ್ಷರ ಬಂದಾಗ ಮಾತ್ರ ಎಡವಿ ಬೀಳುತ್ತಿದ್ದಳು. ಪಾಠವೆಲ್ಲ ಅಪ್ಪನ ಮಂಚದ ಪಕ್ಕದಲ್ಲೇ ನಡೆಯುತ್ತಿತ್ತು. ಅವರು ದಿಂಬಿಗೆ ಒರಗಿ ಕೇಳುವರು, ತಪ್ಪಿದರೆ ಮಂಚದ ಕಟ್ಟಿಗೆಯನ್ನು ಟಕ್ಕೆಂದು ತಟ್ಟುವರು. ಮನೆಯಲ್ಲಿದ್ದ ಕನ್ನಡ ಪುಸ್ತಕ ಅವರದೊಂದೇ, ಹಾಗಾಗಿ ಅದನ್ನೇ ಓದಿಸುತ್ತಿದ್ದೆವು. ಮಳೆಯ ಮೇಲಿನ ಕವಿತೆ, ಮದ್ರಾಸಿನ ಮೇಲಿನ ಕವಿತೆ. ಆ ಒಂದು ಕವಿತೆ ಇದ್ದ ಹಾಳೆ ಬಂದಾಗಲೆಲ್ಲ ಅವರು ಕೈಚಾಚಿ ದಾಟಿಸಿ ಮುಂದಿನ ಹಾಳೆ ತೆಗೆಯುತ್ತಿದ್ದರು. ನಾನು ಕಣ್ಣಿನಲ್ಲೇ ಬೈಯುತ್ತಿದ್ದೆ, ಅವರು ನೋಡದವರ ಹಾಗೆ ಇರುತ್ತಿದ್ದರು.

ದಿನೇ ದಿನೇ ಇಳಿಯುತ್ತ ಬಂದರು. ಆ ರೋಗ ಬೇರೆ ಕಡೆಗೂ ಹಬ್ಬಿದೆ ಎಂದು ಡಾಕ್ಟರರು ಶೈಲಾಳಿಗೆ ಹೇಳಿದ್ದರು. ಅನಂತ ಚತುರ್ದಶಿಯ ಮೊದಲೇ ಅವರು ಹೋಗಿಬಿಟ್ಟರು. ಅದಕ್ಕೆ ಮೊದಲು, ಗಣಪತಿ ಕೂತ ಮಾರನೆಯ ದಿನ ಮಾತ್ರ ಮಂಪರಿಲ್ಲದೆ ಎಚ್ಚರವಾಗಿದ್ದರು. ಕೆಳಗೆ ಮಂಟಪದಲ್ಲಿ ಆರತಿ ನಡೆದಿತ್ತು, ಮಳೆ ಸಣ್ಣಗೆ ಹಿಡಿದಿತ್ತು. ಅವರೇ ಪುಸ್ತಕ ತೆಗೆದುಕೊಂಡು, ಆ ಹಾಳೆ ಬಿಡಿಸಿ, ಮಗಳ ತೊಡೆಯ ಮೇಲಿಟ್ಟರು. ಎದ್ದು ಹೋಗಲು ನೋಡಿದೆ, ಕೂತಿರಿ ಎಂದು ಕೈ ಮಾಡಿದರು.

ಶೈಲಾ ಬೆರಳಿಟ್ಟು ಓದತೊಡಗಿದಳು. ಒಂದೊಂದು ಅಕ್ಷರ ಕೂಡಿಸಿ, ಒಂದು ಸಾಲನ್ನು ಮೂರು ಸಲ ಎಡವಿ, ಮರಾಠಿಯ ರಾಗದಲ್ಲಿ:

ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದಾಳೆ
ಎರಡು ಜಡೆಯ ಹುಡುಗಿ.
ಕಿಟಕಿಯ ಒಳಗೆ ನಿಂತಿದ್ದಾನೆ
ಅವಳ ಅಪ್ಪನಂಥವನೊಬ್ಬ.
ಇಲ್ಲವೆಂದು ಹೇಳು, ಎಂದ ಕಾವಲಿನವನಿಗೆ.
ಅದು ಸುಳ್ಳಾಗಿರಲಿಲ್ಲ.

ಮುಗಿಸಿದಾಗ ಓದಿ ಮುಗಿಸಿದ ಖುಷಿ ಮಾತ್ರ ಅವಳ ಮುಖದಲ್ಲಿತ್ತು. ಅರ್ಥ ಆಮೇಲೆ ಬಂತು. ಮತ್ತೆ ಮೊದಲಿಂದ ತುಟಿಯಲ್ಲೇ ಓದಿಕೊಂಡಳು. ಪುಸ್ತಕದಿಂದ ತಲೆ ಎತ್ತಿದಾಗ ಮುಖ ಬಿಳಿಚಿತ್ತು.

"ಬಾಬಾ, ತುಮ್ಹೀ ತಿಥೇಚ್ ಹೋತಾತ್?" ನೀವು ಅಲ್ಲೇ ಇದ್ದಿರಾ?

ಅವರು ಹೌದೆಂದು ತಲೆ ಆಡಿಸಿದರು.

"ಕಾ ನಾಹೀ ಆಲಾತ್?" ಯಾಕೆ ಬರಲಿಲ್ಲ?

ಅವಳ ದನಿ ಏರಿತು. ಅಷ್ಟು ವರ್ಷ ಅವಳು ಕೇಳಿರಲೇ ಇಲ್ಲ. ಅವರು ಉತ್ತರ ಕೊಡಲು ಬಾಯಿ ತೆರೆದರು. ಕುತ್ತಿಗೆಯ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು, ಅಷ್ಟೇ. ದೇವರೇ, ಯಾರಿಗೂ ಆ ಗಳಿಗೆ ಬರಬಾರದು. ಸ್ಲೇಟಿಗೆ ತಡಕಾಡಿದರು. ನಾನು ಎತ್ತಿಕೊಟ್ಟೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಎರಡು ಶಬ್ದ ಬರೆದು ಅವಳ ಕಡೆಗೆ ತಿರುಗಿಸಿದರು. ನನಗೆ ಕೂತಲ್ಲಿಂದಲೇ ಕಂಡಿತು. ಓದಿ ಹೇಳಲು ನಾಲಿಗೆಯ ತುದಿಗೆ ಬಂದಿದ್ದನ್ನು ಹಲ್ಲು ಕಚ್ಚಿ ತಡೆದುಕೊಂಡೆ.

ಅವಳು ಸ್ಲೇಟಿನ ಮೇಲೆ ಬೆರಳಿಟ್ಟಳು. "ಹೆ... ದ... ರಿ... ಕಿ... ಆ... ತು."

ಕೂಡಿಸಿ ಇನ್ನೊಮ್ಮೆ ಹೇಳಿಕೊಂಡಳು. "ಹೆದರಿಕಿ ಆತು." ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡಳು. ಅವರು ಅವಳ ಮುಖ ನೋಡುತ್ತಿದ್ದರು. ಆಮೇಲೆ ಅವಳು ತಲೆ ಎತ್ತದೆ, ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು:

"ನನಗೂ ಹೆದರಿಕಿ ಆಗಿತ್ತು, ಅಪ್ಪಾ."